ಬೆರಳಿನ ಒತ್ತು

ಶ್ರುತಿ ಅಳೆಯುವ ಟ್ಯೂನರಿನ ಮುಳ್ಳು ಸುಳ್ಳು ಹೇಳುವುದಿಲ್ಲವೆಂದು ಲಕ್ಷ್ಮೀಕಾಂತನಿಗೆ ಗೊತ್ತಿತ್ತು. ಆದರೂ ಅದರ ಬ್ಯಾಟರಿ ತೆಗೆದು ಹೊಸದು ಹಾಕಿದ. ಮುಳ್ಳು ಮತ್ತೆ ಅಲ್ಲಿಗೇ ಬಂದು ನಿಂತಿತು. ತಾನೇ ಮಾಡಿದ ಗಿಟಾರಿನ ಆರನೇ ತಂತಿಯನ್ನು, ಎಲ್ಲಕ್ಕಿಂತ ದಪ್ಪನೆಯದನ್ನು, ಎಲ್ಲಿಯೂ ಮುಟ್ಟದೆ ಮೀಟಿದರೆ ಪುಟ್ಟ ಪರದೆ ಹಸಿರಾಗುತ್ತಿತ್ತು. ಅದೇ ತಂತಿಯನ್ನು ಹನ್ನೆರಡನೇ ಮನೆಯಲ್ಲಿ, ಅಂದರೆ ಕತ್ತಿನ ಮೇಲಿನ ಹನ್ನೆರಡನೇ ಫ್ರೆಟ್‌ನಲ್ಲಿ, ಒತ್ತಿ ಮೀಟಿದರೆ ಮುಳ್ಳು ಬಲಕ್ಕೆ ಹೊರಳಿ ಕೆಂಪಾಗುತ್ತಿತ್ತು. ಹನ್ನೆರಡು ಸೆಂಟ್ ಏರಿತ್ತು. ಒಂದು ಸ್ವರಕ್ಕೂ ಅದರ ಪಕ್ಕದ ಸ್ವರಕ್ಕೂ ನಡುವಿನ ದೂರವನ್ನು ನೂರು ಪಾಲು ಮಾಡಿ ಅದರಲ್ಲಿ ಹನ್ನೆರಡು ಪಾಲು. ಅಷ್ಟೇನೂ ಅಲ್ಲ ಎಂದುಕೊಳ್ಳಲು ನೋಡಿದ, ಆಗಲಿಲ್ಲ. ಕಲ್ಲಿನ ಪುಡಿಯಲ್ಲಿ ಹತ್ತು ಲಕ್ಷಕ್ಕೆ ಎಷ್ಟು ಪಾಲು ಚಿನ್ನವಿದೆಯೆಂದು ಗಣಿಯವರಿಗೆ ಹೇಳುವ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷ ಕಳೆದವನಿಗೆ ನೂರರಲ್ಲಿ ಹನ್ನೆರಡೆಂದರೆ ಸಣ್ಣ ತಪ್ಪಲ್ಲ, ಅದು ನಾಚಿಕೆಗೇಡು. ಒಂದನೇ ತಂತಿ ಐದು, ಮೂರನೆಯದು ಎಂಟು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಬರೆದುಕೊಂಡರೆ ತಪ್ಪು ಅರ್ಧ ಹತೋಟಿಗೆ ಬಂದಂತೆ ಎಂಬ ಅಭ್ಯಾಸ ಇವತ್ತು ಕೆಲಸ ಮಾಡಲಿಲ್ಲ. ಗ್ಯಾರೇಜಿನ ಶಟರನ್ನು ಅರ್ಧಕ್ಕೆ ಎತ್ತಿಟ್ಟಿದ್ದ. ಅದರ ಕೆಳಗಿನಿಂದ ಪರ್ತ್ ನಗರದ ಹ್ಯಾರಿಸ್‌ಡೇಲಿನ ಫೆಬ್ರವರಿ ಬಿಸಿಲು ಒಳಗೆ ಬಂದು ಅವನ ಚಪ್ಪಲಿಯ ತನಕ ಹರಡಿತ್ತು. ಒಳಗಡೆ ಅಡುಗೆಮನೆಯಲ್ಲಿ ಅಕ್ಕ ಏನೋ ಹೇಳಿ ನಗುತ್ತಿದ್ದಳು. ಮಗಳೂ ನಗುತ್ತಿದ್ದಳು.

ನಾಳೆ ಮಧ್ಯಾಹ್ನದ ವಿಮಾನಕ್ಕೆ ಮಗಳು ಶರ್ವಾಣಿ ಬ್ರಿಸ್ಬೇನಿಗೆ ಹೊರಡುತ್ತಾಳೆ. ಅಲ್ಲಿ ನಾಲ್ಕು ವರ್ಷದ ಓದು. ಒಂದು ಗಿಟಾರ್ ಮಾತ್ರ ಹೋಗಬಹುದು. ಹೈಸ್ಕೂಲಿನಲ್ಲಿ ಕೊಡಿಸಿದ ಅಂಗಡಿಯ ಗಿಟಾರ್ ಅವಳ ಕೋಣೆಯಲ್ಲಿ ಕಪ್ಪು ಪೆಟ್ಟಿಗೆಯೊಳಗೆ ಆಗಲೇ ಮಲಗಿತ್ತು. "ಅಪ್ಪ, ನೋ ಪ್ರೆಶರ್, ಓಕೆ? ಐ ಕ್ಯಾನ್ ಟೇಕ್ ದಿ ಓಲ್ಡ್ ಒನ್," ಎಂದು ನಿನ್ನೆ ಅವಳು ಹೇಳಿದ್ದು ಪ್ರೀತಿಯಿಂದಲೇ. ಆ ಪ್ರೀತಿಯೇ ಅವನನ್ನು ಚುಚ್ಚಿತ್ತು. ಹತ್ತು ತಿಂಗಳ ಶನಿವಾರ, ಭಾನುವಾರಗಳನ್ನು ಸುರಿದು ಮಾಡಿದ ವಸ್ತುವಿನ ಎದುರು ಮಗಳು ಹಾಗೆ ಮೃದುವಾಗಿ ಮಾತಾಡಬೇಕಾಗಿ ಬಂತಲ್ಲ, ಕಾಯಿಲೆಯವರ ಹಾಸಿಗೆಯ ಪಕ್ಕ ನಿಂತು ಮಾತಾಡುವ ಹಾಗೆ. ಅಡಿಲೇಡಿನಿಂದ ಅಕ್ಕ ವೈದೇಹಿ ನಿನ್ನೆ ಬಂದದ್ದೂ ಸೋದರ ಸೊಸೆಯನ್ನು ಬೀಳ್ಕೊಡಲಿಕ್ಕೆ. ಅವಳೂ ಬಂದವಳೇ ಗ್ಯಾರೇಜಿಗೆ ಇಣುಕಿ, ತಂತಿಯಿಲ್ಲದ ಗಿಟಾರಿನ ಬೆನ್ನು ಸವರಿ, "ಎಮ್ಮೆ ಕರು ಥರ ನುಣ್ಣಗಿದೆಯಲ್ಲೋ!" ಎಂದಿದ್ದಳು. ಅವನು ಹಿಗ್ಗಿದ್ದ. ತಂತಿ ಹಾಕುವವರೆಗೂ ಹಿಗ್ಗಿಗೆ ಕೊರತೆಯಿರಲಿಲ್ಲ.

ಹಿಗ್ಗಲು ಕಾರಣವೂ ಇತ್ತು. ಮರವನ್ನು ಬ್ರಿಸ್ಬೇನಿನಿಂದ ಕಳಿಸಿದವನು ಹರ್ಷವರ್ಧನ್. ಹಿಂದೆ ಇದೇ ಪ್ರಯೋಗಾಲಯದಲ್ಲಿ ಇವನ ಕೈಕೆಳಗೆ ಕೆಲಸ ಮಾಡಿದವನು, ಈಗಾಗಲೇ ಮೂರು ಗಿಟಾರ್ ಮಾಡಿದವನು. ಹಳೆಯ ಮನೆಯೊಂದನ್ನು ಕೆಡವಿದಾಗ ಸಿಕ್ಕ ಬಾಗಿಲ ಹಲಗೆ, ಜೇನಿನ ಬಣ್ಣದ್ದು. ಅದನ್ನು ಕೊರೆಯುವಾಗ ಲಕ್ಷ್ಮೀಕಾಂತ ಕಲಿತದ್ದು ಬಹಳ. ಮರಕ್ಕೆ ಒಂದು ದಿಕ್ಕು ಇರುತ್ತದೆ, ಆ ದಿಕ್ಕಿಗೆ ವಿರುದ್ಧವಾಗಿ ಉಳಿ ಹಿಡಿದರೆ ಅದು ಸೀಳಿ ಸೇಡು ತೀರಿಸಿಕೊಳ್ಳುತ್ತದೆ ಎಂದು ಕಲಿತ. ಕತ್ತು ಬಂದು ಕೂರುವ ಗುಳಿಯನ್ನು ಒಂದು ಕಾಗದದಷ್ಟು ಹೆಚ್ಚು ಕೊರೆದು, ವಾರವಿಡೀ ಕೊರಗಿ, ಅದೇ ಮರದ ತೆಳು ಚಕ್ಕೆಯನ್ನು ಅಂಟಿಸಿ ಬಿಗಿ ಮಾಡುವುದನ್ನು ಕಲಿತ. ಫ್ರೆಟ್‌ಗಳ ತಲೆಗೆಲ್ಲ ಕಪ್ಪು ಮಸಿ ಬಳಿದು, ಚಪ್ಪಟೆ ಅರದಿಂದ ಉಜ್ಜುತ್ತ, ಮಸಿ ಎಲ್ಲಿ ಉಳಿಯಿತೋ ಅದು ತಗ್ಗು ಎಂದು ಓದುವುದನ್ನು ಕಲಿತ. ನಿನ್ನೆ ರಾತ್ರಿ ತಂತಿ ಹಾಕಿ ಮೊದಲ ಸಲ ಆಂಪ್ಲಿಫೈಯರಿಗೆ ಚುಚ್ಚಿದಾಗ ದುಂಬಿಯ ಹಾಗೆ ಗುಂಯ್ ಎನ್ನುತ್ತಿದ್ದದ್ದು ತಂತಿಯನ್ನು ಬೆರಳಿಂದ ಮುಟ್ಟಿದ ಕೂಡಲೇ ನಿಂತಿತು. ಅರ್ತ್ ಕೊಡುವುದನ್ನು ಮರೆತಿದ್ದೇನೆ, ಈಗ ನನ್ನ ಮೈಯೇ ಅರ್ತ್ ಆಗಿದೆ ಎಂದು ಆ ಕ್ಷಣದಲ್ಲೇ ತಿಳಿದು ಒಬ್ಬನೇ ಗಟ್ಟಿಯಾಗಿ ನಕ್ಕಿದ್ದ. ಐವತ್ತಮೂರನೇ ವಯಸ್ಸಿನಲ್ಲಿ ಕೈ ಹೊಸದನ್ನು ಕಲಿಯುತ್ತದೆ ಎಂಬುದು ಅವನಿಗೆ ಯಾವ ಬಡ್ತಿಗಿಂತಲೂ ದೊಡ್ಡ ಸುದ್ದಿಯಾಗಿತ್ತು.

ಬ್ರಿಡ್ಜಿನ ವಿಷಯದಲ್ಲಿ ಮಾತ್ರ ಅವನು ಯಾರ ಮಾತನ್ನೂ ಕೇಳಲಿಲ್ಲ. ಗಿಟಾರಿನ ಕೆಳಭಾಗದಲ್ಲಿ ತಂತಿಗಳನ್ನು ಹೊತ್ತು ನಿಲ್ಲುವ ಆ ಭಾಗವನ್ನು, ವೀಣೆಯವರು ಕುದುರೆ ಅನ್ನುವುದನ್ನು, ಅಂಗಡಿಯಿಂದ ತಂದು ಹಾಕಿದ್ದರೆ ಆರು ತಂತಿಗೂ ಆರು ಬೇರೆ ಬೇರೆ ಪುಟ್ಟ ಆಸನಗಳಿರುತ್ತಿದ್ದವು. ಒಂದೊಂದನ್ನೂ ಹಿಂದೆ ಮುಂದೆ ಸರಿಸಲು ಒಂದೊಂದು ತಿರುಪು. "ಅದನ್ನೇ ಹಾಕಿ ಕಾಂತಣ್ಣ, ಆಮೇಲೆ ಸರಿ ಮಾಡ್ಕೋಬಹುದು," ಎಂದಿದ್ದ ಹರ್ಷ. ಆಮೇಲೆ ಸರಿ ಮಾಡಿಕೊಳ್ಳುವುದು ಅಳತೆ ಬಾರದವರ ಕೆಲಸ ಎಂದು ಇವನು ಉತ್ತರ ಕೊಟ್ಟಿದ್ದ. ತಂತಿಯ ಉದ್ದ ಆರುನೂರ ನಲವತ್ತೆಂಟು ಮಿಲಿಮೀಟರ್. ಹನ್ನೆರಡನೇ ಮನೆ ಅದರ ಸರಿ ಅರ್ಧ. ಇದರಲ್ಲಿ ಸರಿಸುವುದೇನಿದೆ? ಒಂದೇ ಹಿತ್ತಾಳೆ ಪಟ್ಟಿಯನ್ನು ಕತ್ತರಿಸಿ, ಕನ್ನಡಿಯಂತೆ ಉಜ್ಜಿ, ಕ್ಯಾಲಿಪರ್ ಇಟ್ಟು ಅಳೆದು, ಕತ್ತಿಗೆ ಲಂಬವಾಗಿ, ಕೂದಲಷ್ಟೂ ವ್ಯತ್ಯಾಸವಿಲ್ಲದಂತೆ ಎರಡು ತಿರುಪು ಕೊರೆದು ಕೂರಿಸಿದ್ದ. ಕಳೆದ ತಿಂಗಳು ಕನ್ನಡದವರ ಬಾರ್ಬೆಕ್ಯೂ ಕೂಟದಲ್ಲಿ ಗೆಳೆಯ ರಮಾಕಾಂತ್ ಜೋಳದ ತೆನೆ ತಿರುವುತ್ತ, "ಏನ್ ಕಾಂತ, ಚಿನ್ನ ಬಿಟ್ಟು ಬಡಗಿ ಕೆಲಸಕ್ಕೆ ಇಳಿದಿದ್ದೀಯಂತೆ? ನಮ್ಮನೆ ಮಂಚ ಕಿರ್ ಅಂತಿದೆ, ಬಂದು ನೋಡಪ್ಪಾ," ಎಂದು ಎಲ್ಲರನ್ನೂ ನಗಿಸಿದಾಗ, ಇವನೂ ನಕ್ಕು, ನಗು ಮುಗಿಯುವ ಮೊದಲೇ ಹೇಳಿಬಿಟ್ಟಿದ್ದ: "ನಂದು ಒಂದೇ ಪಟ್ಟಿ ಕುದುರೆ ಕಣೋ. ಆಮೇಲೆ ತಿದ್ದೋ ಸೆಟಪ್ಪೇ ಬೇಕಿಲ್ಲ. ಲೆಕ್ಕ ಸರಿ ಇದ್ರೆ ಸಾಕು."

ಈಗ ಆ ಮಾತು ಗ್ಯಾರೇಜಿನಲ್ಲಿ ಅವನ ಜೊತೆ ನಿಂತಿತ್ತು. ಫೋನ್ ತೆಗೆದ. ಹರ್ಷ ಎತ್ತಿದ ಕೂಡಲೇ, "ಏನ್ ಕಾಂತಣ್ಣ, ಹಾಡ್ತಾ ಇದೆಯಾ?" ಎಂದ.

"ಆರನೇದು ಹನ್ನೆರಡು ಸೆಂಟ್ ಏರಿದೆ."

"ಬ್ರಿಡ್ಜು ಎಲ್ಲಿಟ್ರಿ?"

"ಆರುನೂರ ನಲವತ್ತೆಂಟಕ್ಕೆ. ಸರಿಯಾಗಿ."

"ಸರಿಯಾಗಿ ಅಂದ್ರೆ?"

"ಸರಿಯಾಗಿ ಅಂದ್ರೆ ಸರಿಯಾಗಿ ಕಣೋ. ಕ್ಯಾಲಿಪರ್ ಇಟ್ಟು."

ಆ ಕಡೆ ನಗು ಅದುಮಿದ ಸದ್ದು. "ಅದೇ ತಪ್ಪು. ಲೆಕ್ಕದಲ್ಲಿ ಬೆರಳು ಎಲ್ಲಿ ಬಿಟ್ರಿ? ತಂತಿ ಒತ್ತಿದ್ರೆ ಅದು ಬಗ್ಗಿ ಫ್ರೆಟ್‌ಗೆ ತಾಗಬೇಕಲ್ಲ, ಅಷ್ಟು ಎಳೆದ ಹಾಗಾಯ್ತಲ್ಲ. ಎಳೆದ್ರೆ ಏರುತ್ತೆ. ದಪ್ಪ ತಂತಿ ಇನ್ನೂ ಜಾಸ್ತಿ ಏರುತ್ತೆ. ಅದಕ್ಕೇ ಎಲ್ಲಾರೂ ಕುದುರೆನ ಸ್ವಲ್ಪ ಹಿಂದಕ್ಕೆ, ಸ್ವಲ್ಪ ಓರೆಯಾಗಿ ಇಡೋದು. ನೀವು ಯಾರೂ ಮುಟ್ಟದೇ ಇರೋ ತಂತಿಗೆ ಗಿಟಾರ್ ಮಾಡಿದ್ದೀರಿ."

ಫೋನ್ ಇಟ್ಟಮೇಲೆ ಲಕ್ಷ್ಮೀಕಾಂತ ಬಹಳ ಹೊತ್ತು ತನ್ನ ಎಡಗೈಯ ತೋರುಬೆರಳನ್ನೇ ನೋಡಿದ. ತುದಿಯಲ್ಲಿ ತಂತಿಯ ಗೆರೆ ಕೆಂಪಗೆ ಮೂಡಿತ್ತು. ಅವನು ನೆನೆಯುತ್ತಿದ್ದದ್ದು ಗಿಟಾರನ್ನಲ್ಲ. ಇದೇ ಲೆಕ್ಕವನ್ನು ಅವನು ಹಿಂದೆ ಒಮ್ಮೆ ಮಾಡಿದ್ದ. ಇದೇ ತಪ್ಪನ್ನು. ಮೂವತ್ತಮೂರು ವರ್ಷ ಅದು ತಪ್ಪೆಂದು ಗೊತ್ತಿತ್ತು, ಏಕೆ ತಪ್ಪೆಂದು ತಿಳಿದದ್ದು ಈಗ.

ಬೆಳಗ್ಗೆ ಉಪ್ಪಿಟ್ಟಿನ ಮುಂದೆ ಕೂತು ಅಕ್ಕ ಆ ಕಥೆಯನ್ನೇ ಹೇಳಿದ್ದಳು. ಅವಳ ಮೆಚ್ಚಿನ ಕಥೆ ಅದು. ಅಡಿಲೇಡಿನ ಸ್ಯಾಲಿಸ್‌ಬರಿಯ ತನ್ನ ಮನೆಯಲ್ಲಿ ಪ್ರತಿ ಶನಿವಾರ ವೀಣೆ ಕಲಿಯಲು ಬರುವ ಮಕ್ಕಳಿಗೆಲ್ಲ ಅದು ಬಾಯಿಪಾಠವಂತೆ. "ವಿದ್ವತ್ ಪರೀಕ್ಷೆ ದಿನ ಬೆಳಗ್ಗೆ ಶ್ರುತಿ ಮಾಡ್ಕೊಂಡು ಕೂತೆ ಕಣೇ ಶರ್ವಾಣಿ. ನೋಡ್ತೀನಿ, ನಾಲ್ಕು ಮನೆ ಏರಿಬಿಟ್ಟಿವೆ! ಆ ರುದ್ರಾಚಾರ್ ಮೇಳ ಕಟ್ಟಿದ್ನೋ ಗಾರೆ ಕೆಲಸ ಮಾಡಿದ್ನೋ! ಸ್ವರ ತಗ್ಗಿದ್ರೆ ತಂತಿ ಎಳೆದು ಏರಿಸಬಹುದು. ಏರಿದ್ದನ್ನ ಹ್ಯಾಗೆ ಇಳಿಸ್ತೀಯಾ? ಆಗಲ್ಲ. ಅದಕ್ಕೇ ಆ ನಾಲ್ಕು ಮನೆ ಮುಟ್ಟಲೇ ಇಲ್ಲ ನಾನು. ಹಿಂದಿನ ಮನೆಯಿಂದ ಎಳೆದು ಎಳೆದು ನುಡಿಸಿದೆ. ಪರೀಕ್ಷೆ ಮಾಡೋರು ಏನಂದ್ರು ಗೊತ್ತಾ? ಈ ಹುಡುಗಿ ಗಮಕ ನೋಡ್ರೀ ಅಂದ್ರು!" ಶರ್ವಾಣಿ ನಕ್ಕು ನಕ್ಕು ಕೆಮ್ಮಿದ್ದಳು. "ಅತ್ತೆ, ಪೂರ್ ರುದ್ರಾಚಾರ್!" ಹೆಂಡತಿ ಪ್ರಣತಿ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತ, "ನೀವ್ಯಾಕೆ ಸುಮ್ಮನಿದ್ದೀರಿ, ನೀವೂ ಆಗ ಮನೇಲಿದ್ರಲ್ಲ?" ಎಂದಿದ್ದಳು. "ಇದ್ದೆ," ಎಂದು ಅವನು ಎದ್ದು ಗ್ಯಾರೇಜಿಗೆ ಬಂದಿದ್ದ.

ಇದ್ದ. ಮೈಸೂರಿನ ಆ ಬಾಡಿಗೆ ಮನೆಯ ನಡುಕೋಣೆಯಲ್ಲಿ, ಬಿಎಸ್ಸಿ ಕೊನೆಯ ವರ್ಷದ ಇಪ್ಪತ್ತರ ಹುಡುಗ, ಕೈಯಲ್ಲಿ ಲಾಗ್ ಟೇಬಲ್. ರುದ್ರಾಚಾರ್ ವರ್ಷಕ್ಕೊಮ್ಮೆ ಸೈಕಲ್ಲಿನಲ್ಲಿ ಬರುತ್ತಿದ್ದರು. ಮೇಣವನ್ನೂ ಕರಿಯ ಮಸಿಯನ್ನೂ ಕಾಯಿಸಿ ಕಲಸಿ, ವೀಣೆಯ ದಂಡಿಯ ಮೇಲೆ ಸಾಲಾಗಿ ಹಚ್ಚಿ, ಇಪ್ಪತ್ತನಾಲ್ಕು ಹಿತ್ತಾಳೆ ಮನೆಗಳನ್ನು ಒಂದೊಂದಾಗಿ ಅದರಲ್ಲಿ ಕೂರಿಸುತ್ತಿದ್ದರು. ಅದಕ್ಕೆ ಮೇಳ ಕಟ್ಟುವುದು ಎಂದು ಹೆಸರು. ಅವರ ಬಳಿ ಅಳತೆಪಟ್ಟಿಯಿರಲಿಲ್ಲ. ತಂತಿ ಒತ್ತುವರು, ಮೀಟುವರು, ಗೋಡೆಯತ್ತ ನೋಡುವರು, ಮನೆಯನ್ನು ಉಗುರಿನಿಂದ ಇಷ್ಟೇ ಸರಿಸುವರು. ಇದೆಂಥ ವಿಧಾನ ಎಂದು ಅವನಿಗೆ ನಗು ಬಂದಿತ್ತು. ಸ್ವರದಿಂದ ಸ್ವರಕ್ಕಿರುವ ಪ್ರಮಾಣವಾದ ಎರಡರ ಹನ್ನೆರಡನೇ ಮೂಲವನ್ನು ಲಾಗ್ ಟೇಬಲ್ಲಿನಿಂದ ತೆಗೆದು, ಪ್ರತಿ ಮನೆ ಎಲ್ಲಿರಬೇಕೆಂದು ಪಟ್ಟಿ ಮಾಡಿ, ಅಳೆದು ನೋಡಿದ: ಅವರು ಕಟ್ಟಿದ ಒಂದು ಮನೆಯೂ ಲೆಕ್ಕದ ಜಾಗದಲ್ಲಿರಲಿಲ್ಲ, ಎಲ್ಲವೂ ಚೂರುಚೂರು ತಪ್ಪು, ಮತ್ತು ಎಲ್ಲವೂ ಒಂದೇ ಕಡೆಗೆ ತಪ್ಪು. ಒಂದೇ ಕಡೆಗೆ ಏಕೆ ಎಂದು ಕೇಳಿಕೊಳ್ಳಬೇಕಿತ್ತು. ವಿಜ್ಞಾನ ಓದುವವನು ಕೇಳಬೇಕಾದ ಮೊದಲ ಪ್ರಶ್ನೆ ಅದು. ಅವನು ಕೇಳಲಿಲ್ಲ. ಅಕ್ಕ ಪರೀಕ್ಷೆಯ ಹಿಂದಿನ ಸಂಜೆ ಗೆಳತಿಯ ಮನೆಗೆ ಹೋಗಿದ್ದಾಗ ಒಂದು ಚಮಚವನ್ನು ಒಲೆಯಲ್ಲಿ ಕಾಯಿಸಿ, ಮೇಣಕ್ಕೆ ತಾಗಿಸಿ, ನಾಲ್ಕು ಮನೆಗಳನ್ನು ಸರಿಯಾದ ಜಾಗಕ್ಕೆ ತಳ್ಳಿದ. ಅಷ್ಟರಲ್ಲಿ ಗೇಟು ಸದ್ದಾಯಿತು. ಉಳಿದ ಇಪ್ಪತ್ತು ಬಚಾವಾದವು. ಅಕ್ಕನಿಗೆ ಸಹಾಯ ಮಾಡುತ್ತಿದ್ದೇನೆ ಎಂದೇ ಅವನು ನಂಬಿದ್ದ, ಅಥವಾ ಹಾಗೆ ನಂಬಿದ್ದೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದ.

ಪರೀಕ್ಷೆಯ ಮರುದಿನ ಅಪ್ಪ ರುದ್ರಾಚಾರರನ್ನು ಕರೆಸಿದರು. ಒಳಗೆ ಕೂರಿಸಲಿಲ್ಲ. ವೀಣೆಯನ್ನೇ ಜಗುಲಿಗೆ ತಂದಿಟ್ಟರು. ಆಚಾರರು ಬಗ್ಗಿ ನೋಡಿದರು. ಮೇಣದ ಮೇಲೆ ಚಮಚದ ಬೆನ್ನಿನ ಗುರುತು, ಹೊಳೆಯುವ ಒಂದು ಪುಟ್ಟ ಗುಳಿ, ಬಾಗಿಲಲ್ಲಿ ನಿಂತ ಅವನಿಗೇ ಕಾಣುತ್ತಿತ್ತು. ಅವರು ಹೆಬ್ಬೆರಳನ್ನು ಆ ಗುಳಿಯ ಮೇಲಿಟ್ಟು ನಿಧಾನವಾಗಿ ಉಜ್ಜಿದರು. ಉಜ್ಜುತ್ತ ಅವನತ್ತ ನೋಡಲಿಲ್ಲ. ನೋಡದೇ ಇರುವುದಕ್ಕೆ ಅವರು ಪಡುತ್ತಿದ್ದ ಕಷ್ಟ ಅವನಿಗೆ ಗೊತ್ತಾಗುತ್ತಿತ್ತು. ಗುರುತು ಹೋಯಿತು. "ಬಿಸಿಲಿಗೆ ಮೇಣ ಸರಿದಿರ್ಬೇಕು ಸ್ವಾಮಿ. ಇನ್ನೊಂದ್ಸಲ ಕಟ್ಟಿಕೊಡ್ತೀನಿ," ಎಂದರು. ಅಪ್ಪ, "ಬೇಡಿ ಆಚಾರ್ರೇ, ನಿಮಗೆ ವಯಸ್ಸಾಯ್ತು, ಬಿಟ್ಬಿಡಿ," ಎಂದರು. ಚೀಲ ಹೆಗಲಿಗೆ ಹಾಕಿಕೊಂಡು ಅವರು ಸೈಕಲ್ಲನ್ನು ಹತ್ತದೆ ತಳ್ಳಿಕೊಂಡು ಹೋದರು.

ಗಿಟಾರಿನ ತಂತಿಗಳನ್ನು ಸಡಿಲಿಸಿ ತೆಗೆದ. ಹಿತ್ತಾಳೆ ಪಟ್ಟಿಯನ್ನು ಬಿಚ್ಚಿದ. ನುಣ್ಣನೆಯ ಜೇನುಬಣ್ಣದ ಮುಖದಲ್ಲಿ ಎರಡು ಕಪ್ಪು ತೂತು ಉಳಿದವು, ನೇರವಾಗಿ, ಅಳತೆಗೆ ಸರಿಯಾಗಿ. ಅವುಗಳ ಪಕ್ಕದಲ್ಲೇ ಹೊಸ ತೂತು ಕೊರೆದರೆ ಡ್ರಿಲ್ ಜಾರುತ್ತದೆ. ಮೊದಲು ಹಳೆಯವನ್ನು ಮುಚ್ಚಬೇಕು. ಅದೇ ಹಲಗೆಯ ಉಳಿದ ತುಂಡಿನಿಂದ ಎರಡು ಪುಟ್ಟ ಗೂಟ ಕೆತ್ತಿ, ಅಂಟು ಸವರಿ, ಸುತ್ತಿಗೆಯ ಹಿಡಿಯಿಂದ ತಟ್ಟಿ ಕೂರಿಸಿದ. ಪರ್ತಿನ ಈ ಸೆಕೆಗೆ ಅಂಟು ಒಣಗುವುದು ಎಷ್ಟು ಹೊತ್ತು. ಗೂಟದ ತಲೆಯನ್ನು ಉಳಿಯಿಂದ ಸಮ ಮಾಡುತ್ತಿದ್ದಾಗ ಅಕ್ಕ ಎರಡು ಲೋಟ ಮಜ್ಜಿಗೆ ಹಿಡಿದು ಬಂದಳು.

"ಏನೋ ಇದು, ಇಷ್ಟು ಚೆಂದದ್ದಕ್ಕೆ ತೇಪೆ ಹಾಕ್ತಿದ್ದೀಯಾ?"

"ಕುದುರೆ ತಪ್ಪು ಜಾಗದಲ್ಲಿ ಇಟ್ಟಿದ್ದೆ ಅಕ್ಕ. ಏರಿತ್ತು."

"ನೀನಾ? ತಪ್ಪಾ?" ಅವಳು ಮಂಜುಗಡ್ಡೆ ಪೆಟ್ಟಿಗೆಯ ಮೇಲೆ ಕೂತು ನಕ್ಕಳು. "ರುದ್ರಾಚಾರ್ ಶಿಷ್ಯ ಆದೆ ಬಿಡು!"

ಉಳಿಯನ್ನು ಕೆಳಗಿಟ್ಟ. ಹೇಳಬೇಕೆಂದು ನಿರ್ಧರಿಸಿದ್ದೆ ಎಂದು ಆಮೇಲೆ ಅವನಿಗೆ ಅನ್ನಿಸಿದರೂ ಆ ಕ್ಷಣದಲ್ಲಿ ನಿರ್ಧಾರವೇನೂ ಇರಲಿಲ್ಲ. ಬಾಯಿ ತಾನಾಗಿ ಶುರುಮಾಡಿತು. ಚಮಚ, ಒಲೆ, ಲಾಗ್ ಟೇಬಲ್, ಗೇಟಿನ ಸದ್ದು, ಹೆಬ್ಬೆರಳು. ಹೇಳುತ್ತ ಹೇಳುತ್ತ ಅವನು ಎರಡರ ಹನ್ನೆರಡನೇ ಮೂಲವನ್ನು ವಿವರಿಸತೊಡಗಿದ್ದ. ಒತ್ತಿದ ತಂತಿ ಏಕೆ ಏರುತ್ತದೆ, ಆಚಾರರ ಮನೆಗಳೆಲ್ಲ ಒಂದೇ ಕಡೆಗೆ ಏಕೆ ಸರಿದಿದ್ದವು ಎಂದು ಗಾಳಿಯಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಿದ್ದ. ಅಕ್ಕ ನಡುವೆಯೇ ತಡೆದಳು.

"ಲೆಕ್ಕ ಬಿಡು. ಅವರಿಗೆ ಗೊತ್ತಿತ್ತಾ, ನೀನೇ ಅಂತ?"

"ಗೊತ್ತಿತ್ತು."

"ಆದ್ರೂ ಬಿಸಿಲು ಅಂದ್ರಾ?"

"ಅಂದ್ರು."

ಅವಳು ಲೋಟದೊಳಗೆ ನೋಡಿದಳು. ಐವತ್ತಾರರ ಅಕ್ಕನ ಮುಖ ಒಮ್ಮೆಲೇ ಅಪ್ಪನ ಮುಖದ ಹಾಗೆ ಕಂಡು ಅವನಿಗೆ ಹೆದರಿಕೆಯಾಯಿತು. "ನನ್ನ ಪರೀಕ್ಷೆ ಬಿಡು, ಪಾಸಾದೆ. ಆದ್ರೆ ಎಷ್ಟು ಮಕ್ಕಳ ಮುಂದೆ ಆ ಮನುಷ್ಯನ ಹೆಸರು ಹೇಳಿ ನಗಿಸಿದ್ದೀನೋ ಕಾಂತ! ಇವತ್ತು ಬೆಳಗ್ಗೆ ಕೂಡ. ನೀನು ಎದುರಿಗೆ ಕೂತು ಉಪ್ಪಿಟ್ಟು ತಿಂದೆಯಲ್ಲೋ. ಗಂಟಲಲ್ಲಿ ಇಳೀತಾ?" ಇಳಿದಿತ್ತು; ಎರಡನೇ ಸೌಟೂ ಇಳಿದಿತ್ತು. "ಅವರು ಹೋಗಿ ಎಷ್ಟು ವರ್ಷ ಆಯ್ತೋ. ಕ್ಷಮಿಸು ಅಂತ ನನ್ನ ಕೇಳಬೇಡ. ಕೇಳಬೇಕಾದವರು ಇಲ್ಲ," ಎಂದು ಅವಳು ಎದ್ದು ಒಳಗೆ ಹೋದಳು. ಮಜ್ಜಿಗೆಯ ಲೋಟ ಪೆಟ್ಟಿಗೆಯ ಮೇಲೆ ಉಳಿಯಿತು, ಅರ್ಧ ಕುಡಿದದ್ದು.

ಕೆಲಸ ಬಿಟ್ಟು ಹಿಂದೆಯೇ ಹೋಗಬೇಕೇ ಎಂದು ಯೋಚಿಸಿದ. ಹೋಗಿ ಏನು ಹೇಳುವುದು. ಕೈ ಮಾತ್ರ ಡ್ರಿಲ್ಲನ್ನು ಎತ್ತಿಕೊಂಡಿತ್ತು. ಪಟ್ಟಿಯ ಒಂದು ತುದಿಯನ್ನು ಎರಡು ಮಿಲಿಮೀಟರ್ ಹಿಂದಕ್ಕೆ, ದಪ್ಪ ತಂತಿಯ ತುದಿಯನ್ನು ನಾಲ್ಕೂವರೆ ಹಿಂದಕ್ಕೆ ಗುರುತು ಹಾಕಿದ. ಓರೆಯಾಗಿ ಕಂಡಿತು. ಹತ್ತು ತಿಂಗಳು ಎಲ್ಲವನ್ನೂ ಲಂಬ ಮಾಡಿದ ಕಣ್ಣಿಗೆ ಆ ಓರೆ, ಮೇಜಿನ ಮೇಲೆ ಯಾರೋ ಸೊಟ್ಟಗೆ ಬಿಟ್ಟು ಹೋದ ಪುಸ್ತಕದಂತೆ, ಎದ್ದು ಸರಿಮಾಡಬೇಕೆನಿಸುವಂತೆ ಇತ್ತು. ರುದ್ರಾಚಾರರು ಉಗುರಿನಿಂದ ಮನೆಯನ್ನು ಇಷ್ಟೇ ಸರಿಸುವಾಗ ಗೋಡೆಯತ್ತ ಏಕೆ ನೋಡುತ್ತಿದ್ದರೆಂದು ಅವನಿಗೆ ಆಗ ಹೊಳೆಯಿತು. ಕಣ್ಣು ನಡುವೆ ಬಾಯಿ ಹಾಕದಿರಲಿ ಎಂದು. ಕೊರೆದ. ಕೂರಿಸಿದ. ಹೊಸ ತಂತಿಗಳನ್ನು ಹಾಕಿ, ಎಳೆದೆಳೆದು ಪಳಗಿಸಿ, ಶ್ರುತಿ ಮಾಡಿದ. ಹನ್ನೆರಡನೇ ಮನೆಯಲ್ಲಿ ಒತ್ತಿದರೆ ಒಂದನೆಯದು ಹಸಿರು. ಆರನೆಯದು ಹಸಿರು. ಐದು, ನಾಲ್ಕು, ಎರಡನೇ ತಂತಿಗಳು ಅಷ್ಟಿಷ್ಟು ಅತ್ತಿತ್ತ, ಅರದ ಎರಡು ಎಳೆತಕ್ಕೆ ಸರಿಹೋದವು. ಮೂರನೆಯದು ಕೆಂಪಾಗಿಯೇ ಇತ್ತು. ಅದು ಸಾಲಿಗೆ ಬರುವುದಿಲ್ಲ ಎಂದಿತು. ಅವನ ಓರೆ ಗೆರೆಗೆ ಅದರ ಒಪ್ಪಿಗೆಯಿಲ್ಲ. ಸುತ್ತು ತಂತಿಯಿಲ್ಲದ ಬರೀ ಉಕ್ಕಿನ ದಪ್ಪ ಎಳೆ ಅದು, ಪಕ್ಕದ ನಾಲ್ಕನೆಯದಕ್ಕಿಂತ ಬಿರುಸು. ಅದರ ಜಾಗ ಬೇರೆಯೇ. ಪಟ್ಟಿಯ ತಲೆಯನ್ನು ಆ ತಂತಿಯ ಕೆಳಗೆ ಮಾತ್ರ ಹಿಂದಕ್ಕೆ ಉಜ್ಜಬೇಕು. ಹೆಚ್ಚು ಉಜ್ಜಿದರೆ ಪಟ್ಟಿಯೇ ಹೋಯಿತು, ಇನ್ನೊಂದು ಮಾಡಲು ದಿನವಿಲ್ಲ.

ಅರ ಹಿಡಿದು ಹಾಗೇ ಕೂತಿದ್ದಾಗ ಅಕ್ಕ ಮತ್ತೆ ಬಂದಳು. ಮುಖ ತೊಳೆದುಕೊಂಡಿದ್ದಳು. ಉಳಿದ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ಪೆಟ್ಟಿಗೆಯ ಮೇಲೆ ಕೂತಳು. "ಆ ಮುಳ್ಳು ಬಚ್ಚಿಡು," ಎಂದಳು. ಟ್ಯೂನರನ್ನು ಜೇಬಿಗೆ ಹಾಕಿದ. "ಮೂರನೇದು ಒತ್ತದೆ ಮೀಟು. ಈಗ ಒತ್ತಿ ಮೀಟು." ಅವಳು ಶಟರಿನತ್ತ ನೋಡುತ್ತಿದ್ದಳು. "ಏರಿದೆ. ಉಜ್ಜು."

ಉಜ್ಜಿದ. ಹಿತ್ತಾಳೆಯ ಪುಡಿ ಬೆರಳಿಗೆ ಅಂಟಿತು. ತಂತಿ ಎತ್ತುವುದು, ಉಜ್ಜುವುದು, ಇಳಿಸುವುದು, ಶ್ರುತಿ, ಮೀಟು. "ಇನ್ನೂ." ಮತ್ತೆ. "ಇನ್ನೂ ಸ್ವಲ್ಪ. ನೀನು ಬಹಳ ಒತ್ತುತೀಯ ಕಣೋ, ಅದಕ್ಕೂ ಏರುತ್ತೆ. ಶರ್ವಾಣಿ ಕೈ ಹಗುರ, ಅವಳ ಹಾಗೆ ಒತ್ತು." ಆ ಮಾತಿಗೆ ಅವನು ತಲೆಯೆತ್ತಿದ. ಯಾವ ಬೆರಳು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹಗುರಾಗಿ ಒತ್ತಿದ. "ಹಾಂ. ಈಗ ಒಂದೇ ಒಂದು ಕೂದಲೆಳೆ." ಉಜ್ಜಿದ. ಮೀಟಿದ. ಅವಳು ಏನೂ ಹೇಳಲಿಲ್ಲ. ಅವನು ಮತ್ತೆ ಅರ ಎತ್ತಿದ.

"ಸಾಕು ಅಂದ್ರೆ!"

"ನೀನು ಸಾಕು ಅನ್ನಲೇ ಇಲ್ಲ."

"ಸುಮ್ಮನಿದ್ರೆ ಸಾಕು ಅಂತ ಅರ್ಥ. ಮೂವತ್ತು ವರ್ಷ ಸುಮ್ಮನಿದ್ದವನಿಗೆ ಅಷ್ಟೂ ಗೊತ್ತಾಗಲ್ವಾ?" ಅವಳ ಬಾಯಿಯ ಒಂದು ಮೂಲೆ ನಕ್ಕಿತು, ಇನ್ನೊಂದು ನಗಲಿಲ್ಲ. ಎದ್ದು ಬಾಗಿಲ ತನಕ ಹೋಗಿ ತಿರುಗಿದಳು. "ಬೆಳಗ್ಗೆ ಶರ್ವಾಣಿಗೆ ನಾನು ಹೇಳಿದ್ದು ತಪ್ಪು ಕಥೆ. ನೀನೇ ತಿದ್ದು. ಅವಳು ನಾಳೆ ಹೋಗೋದ್ರೊಳಗೆ."

ಅವಳು ಒಳಗೆ ಹೋದಳೆಂದು ಖಾತ್ರಿಯಾದ ಮೇಲೆ ಲಕ್ಷ್ಮೀಕಾಂತ ಜೇಬಿನಿಂದ ಟ್ಯೂನರ್ ತೆಗೆದ. ಮೂರನೇ ತಂತಿಯನ್ನು ಮಗಳ ಬೆರಳಿನ ಹಾಗೆ ಒತ್ತಿ ಮೀಟಿದ. ಮುಳ್ಳು ಎದ್ದು, ತೂಗಿ, ನಟ್ಟ ನಡುವೆ ಬಂದು ನಿಂತಿತು. ಹಸಿರು. ಅವನು ನೋಟ್‌ಬುಕ್ ತೆರೆದು ಬೆಳಗಿನ ಅಂಕಿಗಳ ಎದುರು ಸೊನ್ನೆ, ಸೊನ್ನೆ ಎಂದು ಬರೆಯುತ್ತ ಹೋದ, ಆರು ಸೊನ್ನೆಗಳು. ಇಷ್ಟು ವರ್ಷದಲ್ಲಿ ಅವನು ಸಹಿ ಹಾಕಿದ ಯಾವ ವರದಿಯೂ ಇಷ್ಟು ಚೆನ್ನಾಗಿ ಕಂಡಿರಲಿಲ್ಲ.

ಮೂರು ಗಂಟೆಗೆ ಸಮುದ್ರದ ಕಡೆಯಿಂದ ಗಾಳಿ ಬಂತು, ಈ ಊರಿನವರು ಡಾಕ್ಟರ್ ಎಂದು ಹೆಸರಿಟ್ಟ ಗಾಳಿ. ಗ್ಯಾರೇಜಿನ ಸೆಕೆ ಇಳಿಯಿತು. ಗಿಟಾರನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ಹಜಾರಕ್ಕೆ ಹೊತ್ತು ತಂದ. ಶರ್ವಾಣಿ ಸೋಫಾದ ತೋಳಿನ ಮೇಲೆ ಕೂತು, ಆಂಪ್ಲಿಫೈಯರಿಗೆ ಚುಚ್ಚಿ, ಮೊದಲು ಮೇಲಿನ ಮನೆಗಳಲ್ಲಿ, ಆಮೇಲೆ ಕೆಳಗೆ, ಆಮೇಲೆ ಕಣ್ಣು ಮುಚ್ಚಿಕೊಂಡು ನುಡಿಸಿದಳು. ಶ್ರುತಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಲು ಏನೂ ಇರಲಿಲ್ಲ, ಅವನು ಕಾಯುತ್ತಿದ್ದದ್ದೂ ಅದನ್ನೇ. ಪ್ರಣತಿ ಅಡುಗೆಮನೆಯ ಬಾಗಿಲಿಗೆ ಬಂದು ಕೈ ಒರೆಸಿಕೊಳ್ಳುತ್ತ ನಿಂತಳು. ಮಗಳು ಕಣ್ಣು ತೆರೆದು ಗಿಟಾರಿನ ಮುಖ ನೋಡಿದಳು.

"ಅಪ್ಪ, ದಿ ಬ್ರಿಡ್ಜ್ ಈಸ್ ಕ್ರುಕೆಡ್."

"ಬೇಕಂತಲೇ ಓರೆ."

"ಅಂಡ್ ದೀಸ್ ಟೂ ಡಾಟ್ಸ್?" ಪಟ್ಟಿಯ ಮುಂದೆ, ಜೇನಿನ ಬಣ್ಣದೊಳಗೆ ತುಸು ಕಪ್ಪಾಗಿ, ಎರಡು ದುಂಡು ಗುರುತು.

"ಚೆನ್ನಾಗಿದೆ, ಡಿಸೈನ್ ಥರ," ಎಂದಳು ಪ್ರಣತಿ, ಗಂಡನ ಮುಖ ನೋಡಿ.

ಡಿಸೈನ್ ಎಂದರೆ ಮುಗಿದುಹೋಗುತ್ತಿತ್ತು. ಹೆಬ್ಬೆರಳು ತನ್ನಷ್ಟಕ್ಕೆ ಆ ಗುರುತಿನ ಮೇಲೆ ಹೋಗಿ ಕೂತದ್ದನ್ನು ಅವನು ಕಂಡ. ತೆಗೆದ. ಅಕ್ಕ ಕಿಟಕಿಯ ಬಳಿ ಕೂತು ಹೊರಗೆ ನೋಡುತ್ತಿದ್ದಳು, ಅಥವಾ ಕೇಳುತ್ತಿದ್ದಳು.

"ತಪ್ಪು ತೂತು ಅದು. ನಾನೇ ಕೊರೆದಿದ್ದು. ಬೆರಳನ್ನ ಲೆಕ್ಕಕ್ಕೆ ಹಿಡೀಲಿಲ್ಲ," ಎಂದ. "ಮತ್ತೆ, ಬೆಳಗ್ಗೆ ಅತ್ತೆ ಹೇಳಿದ್ಲಲ್ಲ, ನಾಲ್ಕು ಮನೆ ಏರಿದ್ದು? ಅದೂ ನಾನೇ. ರುದ್ರಾಚಾರ್ ಅಲ್ಲ."

ಶರ್ವಾಣಿ ಅಪ್ಪನನ್ನೂ ಅತ್ತೆಯನ್ನೂ ನೋಡಿದಳು. ಅವನು ಹೇಳಿದ. ಈ ಸಲ ಹನ್ನೆರಡನೇ ಮೂಲವನ್ನು ಬಿಟ್ಟುಬಿಟ್ಟ. ಚಮಚ ಕಾಯಿಸಿದ್ದು ಹೇಳಿದ, ಗೇಟಿನ ಸದ್ದಿಗೆ ಆ ಬಿಸಿ ಚಮಚವನ್ನು ಚಡ್ಡಿ ಜೇಬಿಗೆ ಹಾಕಿಕೊಂಡದ್ದು ಹೇಳಿದ. ಅದನ್ನು ಅಕ್ಕನಿಗೂ ಹೇಳಿರಲಿಲ್ಲ. ಮೊದಲು ನಕ್ಕವಳು ಅಕ್ಕ. ಕಿಟಕಿಯಿಂದ ತಿರುಗದೆಯೇ, ಬೆನ್ನು ಅಲುಗುವಂತೆ. "ಅದಕ್ಕೇ ಆವತ್ತು ರಾತ್ರಿ ಕುಂಟ್ತಾ ಇದ್ದೆಯೇನೋ! ಕ್ರಿಕೆಟ್ ಬಾಲ್ ತಾಗ್ತು ಅಂದಿದ್ದೆ!" ಆಮೇಲೆ ಎಲ್ಲರೂ ನಕ್ಕರು, ಬೆಳಗ್ಗೆ ರುದ್ರಾಚಾರರ ಹೆಸರಿಗೆ ನಕ್ಕದ್ದಕ್ಕಿಂತ ಹೆಚ್ಚಾಗಿ. ಆ ನಗು ತನ್ನ ಮೇಲೆ ಬೀಳುತ್ತಿದ್ದರೆ ಲಕ್ಷ್ಮೀಕಾಂತನಿಗೆ ಮೈ ಹಗುರಾಗುತ್ತಿತ್ತು. ಹೆಬ್ಬೆರಳಿನ ಭಾಗ ಬಂದಾಗ ನಗು ನಿಂತಿತು. ಅದನ್ನೂ ಬಿಡದೆ ಹೇಳಿದ. ಸೈಕಲ್ ತಳ್ಳಿಕೊಂಡು ಹೋದದ್ದನ್ನೂ. ಶರ್ವಾಣಿ ಆ ಎರಡು ಗುರುತುಗಳನ್ನು ನೋಡಿ, ಬೆರಳಿನ ತುದಿಯಿಂದ ಒಂದೊಂದನ್ನೂ ಮುಟ್ಟಿ, ಎದ್ದು ಕೋಣೆಗೆ ಹೋದಳು. ಕಪ್ಪು ಪೆಟ್ಟಿಗೆಯ ಚಿಲಕಗಳು ಒಂದೊಂದಾಗಿ ತೆರೆದ ಸದ್ದು ಕೇಳಿಸಿತು. ಹಳೆಯ ಗಿಟಾರನ್ನು ತಂದು ಅಪ್ಪನ ತೊಡೆಯ ಮೇಲಿಟ್ಟು ಹೊಸದನ್ನು ಎತ್ತಿಕೊಂಡಳು.

"ಬ್ರಿಸ್ಬೇನ್ ಗಾಳೀಲಿ ತೇವ ಜಾಸ್ತಿ," ಎಂದ ಅವನು. "ಮರ ಅಲುಗುತ್ತೆ. ಅಲ್ಲಿ ಇನ್ನೊಂದ್ಸಲ ಎಲ್ಲಾ ಸರಿ ಮಾಡ್ಕೋಬೇಕು. ಅಳತೆ ಎಲ್ಲಾ ಬರೆದುಕೊಡ್ತೀನಿ."

"ಅಳತೆ ಕೊಡು, ಬೇಡ ಅನ್ನಲ್ಲ," ಎಂದಳು ಅಕ್ಕ. "ಆದ್ರೆ ಮೂರನೇ ತಂತಿ ಹೇಗೆ ಕೇಳೋದು ಅಂತ ನಾನು ಹೇಳಿಕೊಡ್ತೀನಿ. ಬಾರೇ ಇಲ್ಲಿ."

"ಅಂಡ್ ಇಫ್ ಪೀಪಲ್ ಆಸ್ಕ್ ಹೂ ಮೇಡ್ ಇಟ್?" ಶರ್ವಾಣಿ ಕೇಳಿದಳು.

"ನಮ್ಮಪ್ಪ ಅನ್ನು," ಎಂದ ಲಕ್ಷ್ಮೀಕಾಂತ. "ಆ ಎರಡು ತೂತೂ ಅವನದೇ ಅನ್ನು."

ಅವಳು ಅತ್ತೆಯ ಕಾಲಬುಡದಲ್ಲಿ ಕೂತಳು. ಮುಂದಿನ ಶನಿವಾರ ಸ್ಯಾಲಿಸ್‌ಬರಿಯಲ್ಲಿ ವೀಣೆಯ ಮಕ್ಕಳಿಗೆ ಕಥೆ ಬದಲಾಗಿರುತ್ತದೆ. ಅವರು ಅಡಿಲೇಡಿನ ಆ ಕೋಣೆಯಲ್ಲಿ ಜೇಬಿನೊಳಗಿನ ಬಿಸಿ ಚಮಚವನ್ನು ನೆನೆದು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಆಮೇಲೆ ಹೆಬ್ಬೆರಳಿನ ಹತ್ತಿರ ಸುಮ್ಮನಾಗುತ್ತಾರೆ. ಅವನು ಹಳೆಯ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಕೂತ. ಅಕ್ಕ, "ಒತ್ತು. ಹಗುರ. ಕಣ್ಣು ಎಲ್ಲಿದೆ? ಗೋಡೆ ನೋಡು," ಎನ್ನುತ್ತಿದ್ದಳು. ಮೂರನೇ ತಂತಿ ನುಡಿಯಿತು. ಟ್ಯೂನರ್ ಅವನ ಜೇಬಿನಲ್ಲೇ ಇತ್ತು. ಅವನು ಗೋಡೆಯತ್ತ ನೋಡಿದ.